ಮುಗಳಿಕಟ್ಟೆಯ ಚಿಗಟದ ಲೆಕ್ಕ

ಅಜ್ಜಂಪುರ, 1923 ನವೆಂಬರ್ 6, ಮಂಗಳವಾರ. ಬೆಳಿಗ್ಗೆ 11

ಪೇಟೆ ಬೀದಿಯಿಂದ ಇವತ್ತು ಹದಿನಾಲ್ಕು ಇಲಿ. ಚಿಗಟ ಅರವತ್ತೊಂದು. ಇಲಿಯೊಂದಕ್ಕೆ ನಾಲ್ಕೂ ಚಿಲ್ಲರೆ. ಇದಕ್ಕೇ ಇಂಡೆಕ್ಸ್ ಎನ್ನುವುದು. ಮೂರು ದಾಟಿದರೆ ಊರಿನ ಮೇಲೆ ಕಣ್ಣಿಡಬೇಕು, ಐದಕ್ಕೆ ಹತ್ತಿರವಾದರೆ ಸೂಜಿ ಹಾಕುವ ಪಾರ್ಟಿ ಕರೆಸಬೇಕು — ಬೆಂಗಳೂರಿನ ಸಾಹೇಬರ ಆರ್ಡರು.

ಕೆಲಸ ಎಂದಿನಂತೆ. ಇಲಿಯನ್ನು ಬೋನಿನ ಸಮೇತ ಮನೆಯೊಳಗೇ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ಇಲ್ಲದಿದ್ದರೆ ಚಿಗಟ ಹಾರಿಹೋಗುತ್ತದೆ. ಶೆಡ್ಡಿಗೆ ತಂದು ಕ್ಲೋರೋಫಾರಂ. ಆಮೇಲೆ ಬಿಳಿ ಬೇಸಿನ್ನಿನ ಮೇಲೆ ಹಿಡಿದು ಸೀರಣಿಗೆಯಲ್ಲಿ ಬಾಚುವುದು. ಬಿದ್ದದ್ದು ಟ್ಯೂಬಿಗೆ. ಮಧ್ಯಾಹ್ನ ಮೈಕ್ರೋಸ್ಕೋಪು... ಚಿಯೋಪಿಸ್ ಎಷ್ಟು, ಆಸ್ಟಿಯಾ ಎಷ್ಟು. ಮೊದಲನೆಯದು ಪ್ಲೇಗು ಹೊರುವ ಜಾತಿ. ಎರಡನೆಯದು ಹೆಚ್ಚುಕಮ್ಮಿ ಸಾಧು. ಯಾವ ಊರಿನಲ್ಲಿ ಯಾವುದು, ಎಷ್ಟು — ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ನಕ್ಷೆ ಜನವರಿಯೊಳಗೆ ಮುಗಿಯಬೇಕು.

ಬಿ.ಎ. ಪಾಸು ಮಾಡಿ ಇಲಿಯ ತಲೆ ಬಾಚುವ ಭಾಗ್ಯ ನನ್ನದು. ಪ್ಯೂನು ಕರಿಸಿದ್ದಪ್ಪ ಇವತ್ತು ಹೇಳಿದ — ಹಿರೇನಲ್ಲೂರಿನವನು, ಐವತ್ತು ದಾಟಿದೆ, ನಗುವುದಿಲ್ಲ — ಪೇಟೆಯಲ್ಲಿ ನನಗೆ ಹೆಸರಿಟ್ಟಿದ್ದಾರಂತೆ. ಇಲಿ ಅಯ್ನೋರು. ದತ್ತಾತ್ರಿ ಎಂದು ಅಪ್ಪ ಅಷ್ಟು ಯೋಚಿಸಿ ಇಟ್ಟ ಹೆಸರು ಈ ಊರಿನಲ್ಲಿ ಯಾರಿಗೂ ಬೇಕಾಗಿಲ್ಲ.

ನವೆಂಬರ್ 10, ಶನಿವಾರ

ದೀಪಾವಳಿಗೆ ಕಡೂರಿಗೆ ಹೋಗಿ ಬಂದೆ. ಲಲಿತೆ ಹಿತ್ತಿಲಲ್ಲೇ ನಿಲ್ಲಿಸಿದಳು.

“ಅಲ್ಲೇ ನಿಂತ್ಕೊಳ್ಳಿ. ನೀವು ಒಳಗೆ ಬಂದ್ರೆ ನಾನು ಆಚೆ ಹೋಗ್ತೀನಿ.”

ಮೂರು ಹಂಡೆ ನೀರು ಸುರಿದಳು. ಹಾಕಿಕೊಂಡಿದ್ದ ಬಟ್ಟೆಯನ್ನು ಕೋಲಿನಲ್ಲಿ ಎತ್ತಿ ಕುದಿಯುವ ನೀರಿಗೆ ಹಾಕಿದಳು. ಕಟ್ಟಿಕೊಂಡ ಹೆಂಡತಿ. ಊಟಕ್ಕೆ ಕೂತಾಗ ಮಾತ್ರ ಹೋಳಿಗೆ ಮೇಲೆ ಹೋಳಿಗೆ ಬಡಿಸಿದಳು, ಬೇಡ ಎಂದರೂ ಬಿಡಲಿಲ್ಲ. ತನ್ನ ಸೀರಣಿಗೆ ಎರಡು ತಿಂಗಳಿಂದ ಕಾಣುತ್ತಿಲ್ಲ, ನೋಡಿದ್ರಾ ಎಂದು ಕೇಳಿದಳು. ನೋಡಿಲ್ಲ ಎಂದೆ.

ನವೆಂಬರ್ 13, ಮಂಗಳವಾರ. ಸಂಜೆ

ಹೊಸ ಊರು. ಮುಗಳಿಕಟ್ಟೆ. ಸ್ಟೇಷನ್ನಿನಿಂದ ಮೂರು ಮೈಲಿ, ಎಲ್ಲಾ ಎರೆಮಣ್ಣು. ಎಪ್ಪತ್ತು ಮನೆ. ಇವರ ಹತ್ತಿ ಗಾಡಿಗಳು ವಾರಕ್ಕೆರಡು ಸಲ ಅಜ್ಜಂಪುರದ ಗೋಡೌನಿಗೆ ಬಂದು ಖಾಲಿ ಗೋಣಿ ತುಂಬಿಕೊಂಡು ಹೋಗುತ್ತವೆ. ಅಂದರೆ ರೈಲಿನಲ್ಲಿ ಬಂದ ಚಿಯೋಪಿಸ್ ಇಲ್ಲಿಗೂ ಬಂದಿರಬೇಕು. ನೋಡೋಣ.

ಪಟೇಲ ಈರಭದ್ರಪ್ಪ ಒಳ್ಳೆಯ ಮನುಷ್ಯ. ಮಾತು ಕಡಿಮೆ. ಇಲಿ ಪರೀಕ್ಷೆ ಎಂದೆ, ತಲೆಯಾಡಿಸಿದ. ಚಿಗಟದ ಮಾತು ಎತ್ತಲಿಲ್ಲ. ಪೇಟೆಯಲ್ಲಿ ಒಮ್ಮೆ ಎತ್ತಿ, ಸರ್ಕಾರ ಚಿಗಟ ಎಣಿಸೋಕೆ ಸಂಬಳ ಕೊಡ್ತದಂತೆ ಎಂದು ಬೀದಿಯೆಲ್ಲಾ ನಕ್ಕದ್ದು ಸಾಕು.

ಕಷ್ಟ ಏನೆಂದರೆ ಚೀಲ. ಬೆಂಗಳೂರಿಂದ ಚೀಲ ಬಂದಿಲ್ಲ. ಇರುವುದು ಎಂಟು, ಅವು ಪೇಟೆಗೇ ಸಾಲದು. ಅದೂ ಅಲ್ಲದೆ ನನ್ನ ಹಿಮ್ಮಡಿ ಒಡೆದು ಎಪ್ಪತ್ತು ಮನೆ ಹತ್ತಿ ಇಳಿಯುವುದು ಆಗದ ಮಾತು. ಕುಂಟುವುದನ್ನು ಕಂಡು ಒಬ್ಬ ಹೆಂಗಸು ಕೈಯೊಡ್ಡಿ ತಡೆದಳು. ದುರ್ಗಮ್ಮ. ಅರವತ್ತರ ಹತ್ತಿರ, ಗಂಡನಿಲ್ಲ, ಮಗ ಗಾಡಿ ಹೊಡೆಯುತ್ತಾನೆ. ದನಿ ಊರಾಚೆಗೂ ಕೇಳುತ್ತದೆ.

“ನೀವ್ಯಾಕೆ ಮನೆಮನೆ ಅಲೀತೀರಿ, ಅಯ್ನೋರೆ? ಬೋನೆಲ್ಲಾ ನನ್ನ ಕೈಗೆ ಕೊಡಿ. ಸಂಜೀಕೆ ಹಂಚ್ತೀನಿ. ಹೊತ್ತಾರೆ ಎಲ್ರೂ ನಮ್ಮ ಗಾಡಿ ಕೊಟ್ಟಿಗೇಗೆ ತಂದು ಇಡ್ತಾರೆ. ನೀವು ಎಂಟು ಗಂಟೇಗೆ ಬಂದು ತಗಂಡೋಗಿ.”

ಇಪ್ಪತ್ತು ಬೋನು ಒಪ್ಪಿಸಿದೆ. ಆರ್ಡರಿನಲ್ಲಿ ಹೀಗಿಲ್ಲ. ಆದರೆ ಆರ್ಡರು ಬರೆದವರು ಈ ದಾರಿ ನಡೆದಿಲ್ಲ.

ಅವಳ ಜಗಲಿಯ ಮೇಲೆ ಕೂತಾಗ ಚಿಗಟ ಕಚ್ಚಿತು. ಮೊಣಕಾಲ ಹಿಂದೆ. ಪಟೇಲನ ಎದುರಿಗೇ ಕೆರೆದುಕೊಂಡೆ, ನಾಚಿಕೆ ಬಿಟ್ಟು. ಹೊರಡುವಾಗ ದುರ್ಗಮ್ಮ ನಾಲ್ಕು ಸೌತೆಕಾಯಿ ಕೊಟ್ಟಳು, ಒದ್ದೆಒದ್ದೆ. “ಬಾವಿ ನೀರಲ್ಲಿ ತೊಳ್ದಿದ್ದೀನಿ ಕಣ್ರೀ, ಅನುಮಾನ ಬ್ಯಾಡ.” ಬ್ರಾಹ್ಮಣನ ಕೈಗೆ ಕೊಡುವುದನ್ನು ಈ ಕಡೆಯವರು ತೊಳೆಯದೆ ಕೊಡುವುದಿಲ್ಲ. ದಾರಿಯಲ್ಲೇ ಎರಡು ತಿಂದೆ. ಎಳೆಯದು, ಚೆನ್ನಾಗಿತ್ತು.

ನವೆಂಬರ್ 16, ಶುಕ್ರವಾರ

ಮುಗಳಿಕಟ್ಟೆಯ ಮೊದಲ ಕೊಯ್ಲು. ಇಲಿ ಒಂಬತ್ತು. ಚಿಗಟ ಎರಡು.

ಎರಡೇ. ಇನ್ನೊಮ್ಮೆ ಬಾಚಿದೆ. ಮತ್ತೊಂದು ಬೀಳಲಿಲ್ಲ. ಇಲಿಗಳ ಮೈ ತುಸು ಒದ್ದೆ, ಇಬ್ಬನಿ ಜೋರು. ಆದರೆ ಕೂದಲು ಏನು ಹೊಳಪು... ಪೇಟೆಯ ಹೆಗ್ಗಣಗಳ ಮುಂದೆ ಇವು ಮದುವೆಗೆ ಹೊರಟ ಹಾಗಿದ್ದವು. ಬೀದಿಯೂ ಚೊಕ್ಕಟ, ಜಗಲಿಯೂ ಚೊಕ್ಕಟ, ಇಲಿಯೂ ಚೊಕ್ಕಟ.

ಕರಿಸಿದ್ದಪ್ಪ ಏನೋ ಹೇಳಲು ಬಂದ. ಎಣಿಸುವಾಗ ಮಾತಾಡಬೇಡ ಎಂದು ಗದರಿದೆ.

ನವೆಂಬರ್ 24, ಶನಿವಾರ

ನಾಲ್ಕು ದಿನ ತರೀಕೆರೆಯಲ್ಲಿದ್ದೆ. ಅಲ್ಲಿ ಇಂಡೆಕ್ಸ್ ಮೂರೂ ಮುಕ್ಕಾಲು. ಅಜ್ಜಂಪುರ ಪೇಟೆ ಐದಕ್ಕೆ ಬಂದು ನಿಂತಿದೆ. ಮುಗಳಿಕಟ್ಟೆ — ಇಲ್ಲಿಯವರೆಗೆ ಇಲಿ ನಲವತ್ತೊಂದು, ಚಿಗಟ ಏಳು. ಇಲಿಯೊಂದಕ್ಕೆ ಕಾಲು ಚಿಗಟವೂ ಇಲ್ಲ.

ಹತ್ತಿ ಗಾಡಿ ಅದೇ. ಗೋಣಿ ಅದೇ. ಗೋಡೌನು ಅದೇ. ಚಿಗಟ ಮಾತ್ರ ಇಲ್ಲ. ಯಾಕೆ? ಮೂರು ದಿನ ಇದೇ ತಲೆಯಲ್ಲಿ. ಇವತ್ತು ಬೆಳಿಗ್ಗೆ ಮುಗಳಿಕಟ್ಟೆ ಸುತ್ತುವಾಗ ಹೊಳೆಯಿತು. ಬೇವು. ಊರ ಸುತ್ತ ಬೇವಿನ ಮರ, ಬೀದಿಯಲ್ಲಿ ಬೇವು, ಹಿತ್ತಿಲಲ್ಲಿ ಬೇವು. ಕಾಳಿನ ಗುಡಾಣಕ್ಕೆ ಬೇವಿನ ಸೊಪ್ಪು, ಕೊಟ್ಟಿಗೆಯಲ್ಲಿ ಬೇವಿನ ಹೊಗೆ. ಚಿಗಟ ನಿಲ್ಲುವುದಾದರೂ ಹೇಗೆ. ಕೂತು ಎರಡೂವರೆ ಪುಟ ನೋಟ್ ಬರೆದೆ, ಇಂಗ್ಲಿಷಿನಲ್ಲಿ. ಚೆನ್ನಾಗಿ ಬಂದಿದೆ. ಸಾಹೇಬರಿಗೆ ನಾಳೆಯ ಟಪಾಲಿನಲ್ಲಿ ಕಳಿಸಬೇಕು.

ಡಿಸೆಂಬರ್ 3, ಸೋಮವಾರ

ಸಾಹೇಬರ ಕಾಗದ. ಎರಡು ವರ್ಷದಲ್ಲಿ ಮೊದಲ ಸಲ ಹೊಗಳಿದ್ದಾರೆ. ಬೇವಿನ ವಿಚಾರ ಸೊಗಸಾಗಿದೆ, ಮುಂದಿನ ವರ್ಷದ ರಿಪೋರ್ಟಿನಲ್ಲಿ ನನ್ನ ಹೆಸರು ಹಾಕಿಸುತ್ತಾರಂತೆ. ಕಾಗದವನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ಕರಿಸಿದ್ದಪ್ಪನಿಗೆ ಓದಿ ಹೇಳಿದೆ.

ನಕ್ಷೆಗೆ ಬಣ್ಣ ಹಾಕಿ ಕಳಿಸಿದೆ. ಅಜ್ಜಂಪುರ ಕೆಂಪು. ತರೀಕೆರೆ ಹಳದಿ, ಕಡೂರು ಹಳದಿ. ಮುಗಳಿಕಟ್ಟೆ — ಇಲಿ ಎಂಬತ್ತೆಂಟು, ಚಿಗಟ ಹದಿನೈದು — ಬಿಳಿ. ಸುತ್ತ ಬಣ್ಣ, ನಡುವೆ ಅದೊಂದೇ ಬಿಳಿ ಚುಕ್ಕೆ. ಸೂಜಿ ಪಾರ್ಟಿ ಈ ನಕ್ಷೆ ನೋಡಿಯೇ ಊರಿಂದ ಊರಿಗೆ ಹೋಗುತ್ತದೆ. ಕೆಂಪು ಮೊದಲು, ಬಿಳಿ ಕೊನೆಗೆ.

ಡಿಸೆಂಬರ್ 8, ಶನಿವಾರ. ಮಧ್ಯಾಹ್ನ

ಮುಗಳಿಕಟ್ಟೆಯಲ್ಲಿ ಇಲಿ ಬಿದ್ದಿದೆ. ಕುಂಬಾರ ಲಕ್ಕಣ್ಣನ ಅಟ್ಟದಿಂದ ನಿನ್ನೆ ಸತ್ತು ಬಿತ್ತಂತೆ. ಒಂದೇ.

ನಾನು ಹೋಗುವಷ್ಟರಲ್ಲಿ ಊರು ಗಂಟು ಕಟ್ಟುತ್ತಿತ್ತು. ಚಾಪೆ, ಒನಕೆ, ಕೋಳಿಬುಟ್ಟಿ. ಗುಡಿಸಲಿಗೆ ಬಿದಿರು ಕಡಿಯಲು ನಾಲ್ವರು ಹೊರಟಿದ್ದರು. ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲಿ ಬಿತ್ತು, ಊರು ಬಿಡು. ದುರ್ಗಮ್ಮನ ಗಂಡ ಹೋದದ್ದೂ ಪ್ಲೇಗಿನಲ್ಲೇ, ಹನ್ನೆರಡು ವರ್ಷದ ಹಿಂದೆ.

ಪಟೇಲ ಕೇಳಿದ. “ಏನು ಮಾಡಾಣ, ಸ್ವಾಮಿ? ರಾಗಿ ಕುಯ್ದು ಹಾಕೈತೆ, ಬಣವೆ ಒಟ್ಟಿಲ್ಲ. ಹತ್ತಿ ಒಡೆದು ನಿಂತೈತೆ. ಈಗ ಊರು ಬಿಟ್ರೆ ವರ್ಷದ ಅನ್ನ ಹೋದಂಗೆ. ಹೋಗ್ಬೇಕು ಅಂದ್ರೆ ಹೋಗ್ತೀವಿ. ನೀವು ತಿಂಗ್ಳಿಂದ ನಮ್ಮೂರ ಇಲಿ ನೋಡ್ತಿದ್ದೀರಿ. ನೀವು ಹೇಳಿ.”

ಇಡೀ ಊರು ನನ್ನ ಬಾಯಿ ನೋಡುತ್ತಿತ್ತು. ಸತ್ತ ಇಲಿ ನೋಡಿದೆ. ಕುತ್ತಿಗೆಯ ಹತ್ತಿರ ಹಲ್ಲಿನ ಗುರುತು, ಬೆಕ್ಕು ಇರಬಹುದು. ಲೆಕ್ಕ ನೆನೆದೆ. ನೂರಕ್ಕೂ ಮೇಲೆ ಇಲಿ, ಚಿಗಟ ಇಪ್ಪತ್ತೂ ಇಲ್ಲ. ಹೊರುವ ಚಿಗಟವೇ ಇಲ್ಲದ ಊರಿನಲ್ಲಿ ಪ್ಲೇಗು ಹರಡುವುದು ಹೇಗೆ.

“ಬಿಡಬೇಕಾಗಿಲ್ಲ. ನಿಮ್ಮ ಊರಷ್ಟು ಒಳ್ಳೆಯ ಊರು ಈ ಸುತ್ತಿನಲ್ಲೇ ಇಲ್ಲ,” ಎಂದೆ.

ಮೊದಲು ಗಂಟು ಬಿಚ್ಚಿದ್ದು ದುರ್ಗಮ್ಮ. “ಅಯ್ನೋರು ಹೇಳಿದ್ಮ್ಯಾಲೆ ಮುಗೀತು. ಲೇ ಹುಚ್ಚಮ್ಮ, ಒಲೆ ಹಚ್ಚೇ,” ಎಂದು ಸೊಸೆಗೆ ಕೂಗಿದಳು. ಕೂಗುತ್ತಾ ಮೊಣಕೈ ಕೆರೆದುಕೊಳ್ಳುತ್ತಿದ್ದಳು. ಸೊಳ್ಳೆ ಕಾಟ ಎಂದಳು.

ಇಲಿಯ ಗುಲ್ಮ ಕೊಯ್ದು ಗಾಜಿನ ಮೇಲೆ ಸವರಿದ ಸ್ಮಿಯರನ್ನು ಪ್ಲೇಗು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದೇನೆ. ನಿಯಮ ಅಷ್ಟೆ.

ಡಿಸೆಂಬರ್ 14, ಶುಕ್ರವಾರ. ಬೆಳಿಗ್ಗೆ 10

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಡೂರಿಗೆ ಹೋಗುವ ರೈಲು ಹಿಡಿಯಬೇಕಿತ್ತು. ಅದಕ್ಕೆ ಎಂಟರ ಬದಲು ಆರೂವರೆಗೇ ಮುಗಳಿಕಟ್ಟೆಗೆ ಹೋದೆ. ದುರ್ಗಮ್ಮ ಕೊಟ್ಟಿಗೆಯ ಮುಂದೆ ದನಕ್ಕೆ ನೀರಿಡುವ ಕಲ್ಲುಬಾನಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಬಾನಿ ತುಂಬ ನೊರೆ. ಕೈಯಲ್ಲಿ ನನ್ನ ಬೋನು. ಒಳಗೆ ಇಲಿ. ಬೋನನ್ನು ನೊರೆಯಲ್ಲಿ ಮುಳುಗಿಸಿದಳು. ಎತ್ತಿದಳು. ಮತ್ತೆ ಮುಳುಗಿಸಿದಳು.

“ಇದ್ಯಾಕೆ ಇಷ್ಟು ಬ್ಯಾಗ ಬಂದ್ರಿ? ಇನ್ನೂ ನಾಕು ಉಳ್ಕಂಡವೆ. ವಸಿ ಕುಂತ್ಕಳಿ.”

“ಏನು ಮಾಡ್ತಿದ್ದೀರಿ, ದುರ್ಗಮ್ಮ?”

“ಕಾಣ್ತಿಲ್ವಾ? ತೊಳೀತಿದ್ದೀನಿ.”

“ದಿನಾ ತೊಳೀತೀರಾ?”

“ಮೊದಲ್ನೇ ದಿನದಿಂದ. ಅಂಟುವಾಳದ ಕಾಯಿ ಹಿಂದ್ಲ ಸಂಜೇನೇ ನೆನೆ ಹಾಕಿರ್ತೀನಿ. ಮೂರು ಸರ್ತಿ ಮುಳುಗ್ಸಿ ಎತ್ತೋದು, ಉಸ್ರು ಕಟ್ದಂಗೆ. ಆಮ್ಯಾಕೆ ಬಿಸ್ಲಿಗೆ ಇಡೋದು. ನೀವು ಅವತ್ತು ನಮ್ಮ ಜಗಲೀಲಿ ಕುಂತು ಹೆಂಗೆ ಕೆರ್ಕಂಡ್ರಿ... ನಂಗೇ ತಲೆ ಎತ್ತಾಕಾಗ್ಲಿಲ್ಲ. ಸೌತೆಕಾಯೇ ತೊಳ್ದು ಕೊಡ್ತೀನಿ ನಿಮ್ಮ ಕೈಗೆ. ಇಲೀನ ಹಂಗೇ ಕೊಡಕ್ಕಾಗ್ತದಾ? ಮೈ ತುಂಬ ಚಿಗಟ, ಥೂ.”

ಬಾನಿಯ ನೊರೆಯ ಮೇಲೆ ಕಪ್ಪು ಚುಕ್ಕೆ. ಎಳ್ಳು ಚೆಲ್ಲಿದ ಹಾಗೆ. ಬಗ್ಗಿ ನೋಡಿದೆ. ನನ್ನ ಚಿಗಟ. ಒಂದು ತಿಂಗಳ ಚಿಗಟ ಈ ಬಾನಿಯಲ್ಲಿ ಚೆಲ್ಲಿ ಹೋಗಿದೆ.

ನನ್ನ ಮುಖ ನೋಡಿ ಹುಷಾರಿಲ್ವಾ, ಮಜ್ಜಿಗೆ ತರ್ಲಾ ಎಂದಳು. ಉಳಿದ ನಾಲ್ಕು ಬೋನನ್ನು ಹಾಗೇ ಕೊಡಿ ಎಂದೆ. “ಹೊಲಸು, ಬ್ಯಾಡಿ,” ಎಂದಳು. ಕಿತ್ತುಕೊಂಡ ಹಾಗೆ ತೆಗೆದುಕೊಂಡೆ. ಬೋನು ಹಿಡಿದಿದ್ದ ಅವಳ ಕೈಯಲ್ಲಿ ಮೊಣಕೈವರೆಗೂ ಕೆಂಪು ಗುಳ್ಳೆಗಳಿದ್ದವು. ನೀರಿಗೆ ಬೀಳದೆ ಹಾರಿದ ಚಿಗಟ ಎಲ್ಲಿಗೆ ಹಾರಿರಬೇಕೋ ಅಲ್ಲಿಗೆ ಹಾರಿದೆ.

ಶೆಡ್ಡಿನಲ್ಲಿ ಬಾಚಿದೆ. ಹನ್ನೊಂದು. ಒಂಬತ್ತು. ಹದಿನಾಲ್ಕು. ಎಂಟು. ನಾಲ್ಕು ಇಲಿಗೆ ನಲವತ್ತೆರಡು. ಒಂದೂ ಬಿಡದೆ ಎಲ್ಲಾ ಚಿಯೋಪಿಸ್. ಅಜ್ಜಂಪುರ ಪೇಟೆಗಿಂತ ಎರಡು ಪಟ್ಟು.

ಕರಿಸಿದ್ದಪ್ಪನನ್ನು ಕೇಳಿದೆ, ನಿನಗೆ ಗೊತ್ತಿತ್ತೇ ಎಂದು.

“ಊರಿಗೆಲ್ಲಾ ಗೊತ್ತು, ಬುದ್ಧಿ. ನೀವೇ ಹೇಳಿ ತೊಳಿಸ್ತಿದ್ದೀರಿ ಅನ್ಕಂಡಿದ್ದೆ. ಒಂದಿನ ಕೇಳಾಣ ಅಂತ ಬಂದೆ. ಎಣಿಸೋವಾಗ ಮಾತಾಡ್ಬ್ಯಾಡ ಅಂದ್ರಿ.”

ಅದೇ ದಿನ, ಮಧ್ಯಾಹ್ನ 3

ಸಾಹೇಬರಿಗೆ ಟೆಲಿಗ್ರಾಂ. ಹಿಂದೆಯೇ ಉದ್ದ ಕಾಗದ. ಬೇವಿನ ನೋಟ್ ಹರಿದು ಹಾಕಿ ಎಂದು ಬರೆದಿದ್ದೇನೆ. ಮುಗಳಿಕಟ್ಟೆಯನ್ನು ಕೆಂಪು ಮಾಡಿ ಎಂದು ಬರೆದಿದ್ದೇನೆ. ಮತ್ತೆ ಮೂರು ಮೈಲಿ ನಡೆಯಬೇಕು. ಕಾಲಿನ ನೋವು ಇವತ್ತು ಗೊತ್ತೇ ಆಗುತ್ತಿಲ್ಲ.

ಡಿಸೆಂಬರ್ 15, ಶನಿವಾರ

ನಿನ್ನೆ ಸಂಜೆ ಮುಗಳಿಕಟ್ಟೆಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದೆ. ಊರು ಬಿಡಿ. ಇವತ್ತೇ.

ಈರಭದ್ರಪ್ಪ ಕಣದ ಕಡೆ ನೋಡಿದ. ಆಮೇಲೆ: “ಮೊನ್ನೆ ಬ್ಯಾಡ ಅಂದ್ರಿ.”

“ನನ್ನ ಲೆಕ್ಕ ತಪ್ಪಿತ್ತು.”

“ಹೆಂಗೆ ತಪ್ಪಿತು?”

ಅಲ್ಲೇ ಸಿಕ್ಕಿಬಿದ್ದೆ. ದುರ್ಗಮ್ಮ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳು ತೊಳೆದದ್ದರಿಂದ ಎಂದರೆ ನಾಳೆ ಈ ಊರಿನಲ್ಲಿ ಯಾರಿಗೆ ಏನಾದರೂ ಅವಳ ತಲೆಗೇ ಕಟ್ಟುತ್ತಾರೆ. ಗಂಡನಿಲ್ಲದ ಹೆಂಗಸು. ಸೊಸೆಗೂ ಬಾವಿಯ ಹತ್ತಿರ ಜಾಗ ಬಿಡುವುದಿಲ್ಲ. ಚಿಗಟ ಎಣಿಸುವುದು ನನ್ನ ಕೆಲಸ ಎಂದು ಒಂದೇ ಒಂದು ಸಲ ಇವರಿಗೆ ಹೇಳಿದ್ದರೆ ಅವಳು ತೊಳೆಯುತ್ತಿರಲಿಲ್ಲ. ಹೇಳದವನು ನಾನು. ಆರ್ಡರು ಮೀರಿ ಬೋನು ಒಪ್ಪಿಸಿದವನೂ ನಾನು.

“ನಾನೇ ತಪ್ಪಾಗಿ ಎಣಿಸಿದೆ,” ಎಂದೆ.

“ತಿಂಗ್ಳೆಲ್ಲಾ ತಪ್ಪಾಗಿ ಎಣಿಸಿದ್ರಾ?” ಪಟೇಲ ಗೇಲಿ ಮಾಡಲಿಲ್ಲ, ನಿಜವಾಗಿಯೂ ಕೇಳಿದ. “ಇಲ್ಲ ಸ್ವಾಮಿ. ನೀವು ಅಂಥೋರಲ್ಲ. ಮ್ಯಾಲಿನೋರು ಏನೋ ಹೆದರ್ಸವ್ರೆ. ಒಂದಿಲಿ ಬಿತ್ತು, ಆಮ್ಯಾಕೆ ಎಂಟು ದಿನ ಆಯ್ತು, ಇನ್ನೊಂದು ಬಿದ್ದಿಲ್ಲ. ರಾಗಿ ಕಣದಾಗೈತೆ. ಇನ್ನೊಂದು ಹತ್ತು ದಿನ ಕೊಡಿ. ಆಮ್ಯಾಕೆ ನೀವು ಅಂದಂಗೆ.”

ಕೈ ಮುಗಿದು ಬೇಡಿಕೊಂಡೆ. ಇಲಿ ಅಯ್ನೋರು ಕೈ ಮುಗಿದದ್ದು ಕಂಡು ಜನಕ್ಕೇ ಮುಜುಗರವಾಯಿತು. ಒಬ್ಬೊಬ್ಬರಾಗಿ ಎದ್ದು ಕಣಕ್ಕೆ ಹೋದರು.

ದುರ್ಗಮ್ಮನಿಗೆ ಮಾತ್ರ ಹೇಳಿದೆ, ಇನ್ನು ಮೇಲೆ ಬೋನು ಹಂಚಬೇಡಿ, ಬಾನಿಯ ನೀರಿಗೆ ಕೈ ಹಾಕಬೇಡಿ ಎಂದು. ಯಾಕೆ ಎಂದಳು. ಇಲಿ ಸಾಕಷ್ಟು ಆಯಿತು ಎಂದೆ.

ಡಿಸೆಂಬರ್ 18, ಮಂಗಳವಾರ

ಸಾಹೇಬರ ಉತ್ತರ. ಟೈಪು ಮಾಡಿದ್ದು, ಅರ್ಧ ಪುಟ. ಒಬ್ಬ ಹಳ್ಳಿ ಹೆಂಗಸಿನ ಮಾತಿನ ಮೇಲೆ ಒಂದು ತಿಂಗಳ ಅಂಕಿಗಳನ್ನು ತಳ್ಳಿಹಾಕಲು ಬರುವುದಿಲ್ಲ. ಹೊಸ ನಾಲ್ಕು ಇಲಿಗಳನ್ನು ಸೇರಿಸಿಯೇ ಲೆಕ್ಕ ಮಾಡಲಾಗಿದೆ — ಇಲಿ ನೂರ ಮೂವತ್ತೆರಡು, ಚಿಗಟ ಅರವತ್ತನಾಲ್ಕು. ಇಲಿಯೊಂದಕ್ಕೆ ಅರ್ಧವೂ ಆಗುವುದಿಲ್ಲ. ಮುಗಳಿಕಟ್ಟೆ ಬಿಳಿಯಾಗಿಯೇ ಇರತಕ್ಕದ್ದು. ಸೂಜಿ ಪಾರ್ಟಿ ಅಲ್ಲಿಗೆ ಜನವರಿ ಐದರ ನಂತರ. ಬೇವಿನ ನೋಟ್ ಬಗ್ಗೆ ಅವಸರದ ತೀರ್ಮಾನ ಬೇಡ.

ಲೆಕ್ಕ ಸರಿಯಾಗಿದೆ. ಅದೇ ಸಂಕಟ. ಕೂಡುವುದು ಭಾಗಿಸುವುದು ಎಲ್ಲಾ ಸರಿ. ಎರಡು ಸಲ ನಾನೇ ಮಾಡಿ ನೋಡಿದೆ. ನಾನೇ ಕಳಿಸಿದ ಅಂಕಿ ನನ್ನ ಬಾಯಿ ಕಟ್ಟಿ ಹಾಕಿದೆ.

ಡಿಸೆಂಬರ್ 20, ಗುರುವಾರ

ಬೆಳಿಗ್ಗೆ ಟೆಲಿಗ್ರಾಂ: ಮುಗಳಿಕಟ್ಟೆ ಸ್ಮಿಯರ್ ಪಾಸಿಟಿವ್. ಬೆಕ್ಕಲ್ಲ. ಪ್ಲೇಗೇ.

ಓಡಿದೆ. ಅರ್ಧ ದಾರಿಯಲ್ಲಿ ಬಿದಿರು ತುಂಬಿದ ಗಾಡಿ ಎದುರಾಯಿತು. ಗಾಡಿ ಹೊಡೆಯುತ್ತಿದ್ದವನು ದುರ್ಗಮ್ಮನ ಮಗ. ಕುಂಬಾರ ಲಕ್ಕಣ್ಣನಿಗೆ ನಿನ್ನೆಯಿಂದ ಜ್ವರ, ತೊಡೆಸಂದಿಯಲ್ಲಿ ಗೆಡ್ಡೆ. ರಾತ್ರಿ ನಾಲ್ಕು ಮನೆಯಲ್ಲಿ ಇಲಿ ಬಿದ್ದಿದೆ. ಇನ್ನು ಯಾರೂ ಯಾರನ್ನೂ ಕೇಳುತ್ತಿಲ್ಲ. ಊರು ತಾನಾಗಿ ಎದ್ದಿದೆ. ಹನ್ನೆರಡು ದಿನದ ಹಿಂದೆ ಎದ್ದಿತ್ತು, ನಾನು ಕೂರಿಸಿದ್ದೆ.

ಅಲ್ಲಿಂದಲೇ ತಿರುಗಿ ಓಡಿದೆ; ಸೂಜಿ ಪಾರ್ಟಿ ನಿನ್ನೆಯಿಂದ ಅಜ್ಜಂಪುರದಲ್ಲಿದೆ. ಡಾಕ್ಟರು ವಯಸ್ಸಾದವರು, ಮರ್ಯಾದಸ್ಥರು. ನಕ್ಷೆ ಬಿಡಿಸಿ ತೋರಿಸಿದರು. ನನ್ನದೇ ನಕ್ಷೆ, ನನ್ನದೇ ಬಣ್ಣ. “ಈ ಮದ್ದಿನ ಬಾಟ್ಲು ಕೆಂಪು ಊರಿನ ಲೆಕ್ಕಕ್ಕೆ ಬಂದಿರೋದು. ನಾನೇನು ಮಾಡ್ಲಿ, ದತ್ತಾತ್ರಿ?” ಎಂದರು. ಸಂಜೆ ಕೆಲಸ ಮುಗಿದ ಮೇಲೆ ತೆರೆದ ಬಾಟಲಿನಲ್ಲಿ ಉಳಿದದ್ದು ಕೊಟ್ಟರು. ಏಳು ಜನಕ್ಕೆ ಆಗುವಷ್ಟು.

ಡಿಸೆಂಬರ್ 21, ಶುಕ್ರವಾರ

ಬೇವಿನ ತೋಪಿನಲ್ಲಿ ಗುಡಿಸಲು ಎದ್ದಿವೆ. ಇನ್ನೂರ ತೊಂಬತ್ತು ಜನ. ಏಳು ಸೂಜಿ.

ಯಾರಿಗೆ ಎಂದು ನಾನು ಹೇಗೆ ಹೇಳಲಿ. ಪಟೇಲನಿಗೆ ಬಿಟ್ಟೆ. ಅವನು ಬಸುರಿಯರು, ಎಳೆ ಮಕ್ಕಳ ತಾಯಂದಿರು ಎಂದ. ತನ್ನ ಮನೆಯವರನ್ನು ಕರೆಯಲಿಲ್ಲ. ದುರ್ಗಮ್ಮನಿಗೆ ಒಂದು ಹಾಕಿಸಬೇಕೆಂದು ಕೈ ಹಿಡಿದು ಎಳೆದೆ. ಬಿಡಿಸಿಕೊಂಡಳು.

“ನಂಗ್ಯಾಕೆ? ಇವಳಿಗೆ ಚುಚ್ಚಿ,” ಎಂದು ಹುಚ್ಚಮ್ಮನನ್ನು ಮುಂದಕ್ಕೆ ತಳ್ಳಿದಳು. ಹುಚ್ಚಮ್ಮನಿಗೆ ಐದು ತಿಂಗಳು. ಪಾರ್ಟಿಯಿಂದ ಬಂದಿದ್ದವರು ಚುಚ್ಚಿದರು. ಏಳೂ ಮುಗಿಯಿತು.

ಲಕ್ಕಣ್ಣ ಮಧ್ಯಾಹ್ನ ಹೋದ.

ಡಿಸೆಂಬರ್ 27, ಗುರುವಾರ

ಐದು ದಿನ ಬರೆಯಲಿಲ್ಲ. ಲಕ್ಕಣ್ಣನ ಮಗಳು. ಪಟೇಲನ ತಮ್ಮ. ಆ ಮೂಲೆಮನೆಯ ಅಜ್ಜ, ಹೆಸರು ಕೇಳಿರಲಿಲ್ಲ. ಒಟ್ಟು ಒಂಬತ್ತು ಸಾವು. ಈರಭದ್ರಪ್ಪ ಎದುರಿಗೆ ಕಂಡರೆ ಈಗಲೂ ಕೈ ಮುಗಿಯುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು.

ದುರ್ಗಮ್ಮನಿಗೆ ಸೋಮವಾರದಿಂದ ಜ್ವರ. ಕಂಕುಳಲ್ಲಿ ಗೆಡ್ಡೆ. ಬಲಗೈ ಕಂಕುಳು, ಬೋನು ಮುಳುಗಿಸುತ್ತಿದ್ದ ಕೈ. ಅಯೋಡಿನ್ ಹಚ್ಚುತ್ತೇನೆ, ಮಿಕ್ಸ್ಚರ್ ಕುಡಿಸುತ್ತೇನೆ. ಇದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಅವಳಿಗೂ ಗೊತ್ತು. ಆದರೂ ಬಾಯಿ ತೆರೆಯುತ್ತಾಳೆ, ನಾನು ಬೇಜಾರು ಮಾಡಿಕೊಳ್ಳದಿರಲಿ ಎಂದು.

ಇವತ್ತು ಮಧ್ಯಾಹ್ನ ತುಸು ತಿಳಿವಿತ್ತು. ಆ ದನಿ ಈಗ ಗುಡಿಸಲಿನ ಬಾಗಿಲಿಗೂ ಬರುವುದಿಲ್ಲ. ಬಗ್ಗಿ ಕೇಳಬೇಕಾಯಿತು.

“ಅಯ್ನೋರೆ, ಒಂದು ಕೇಳ್ತೀನಿ. ನನ್ನ ತೊಳ್ಯಾದ್ರಾಗೆ ಏನಾರ ಎಡವಟ್ಟಾಯ್ತಾ? ಅವತ್ತು ನಿಮ್ಮ ಮುಖ ಬಿಳುಚ್ಕಂಡಿತ್ತು.”

ಹುಚ್ಚಮ್ಮ ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

“ಇಲ್ಲ ದುರ್ಗಮ್ಮ. ಅಷ್ಟು ಚೊಕ್ಕಟವಾಗಿ ಯಾವ ಊರಿನವರೂ ಕೊಟ್ಟಿರಲಿಲ್ಲ.”

“ಹಂಗಾದ್ರೆ ಸರಿ,” ಎಂದಳು. ಕಣ್ಣು ಮುಚ್ಚಿಕೊಂಡಳು. ಮುಖದಲ್ಲಿ ನಿರಾಳ ಇತ್ತು. ನಾನು ಎದ್ದು ತೋಪಿನ ಆಚೆಗೆ ಹೋಗಿ ಅತ್ತೆ. ಕರಿಸಿದ್ದಪ್ಪ ಬಂದು ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಕೂತ.

ಡಿಸೆಂಬರ್ 29

ದುರ್ಗಮ್ಮ ಹೋದಳು. ಬೆಳಿಗ್ಗೆ ಏಳಕ್ಕೆ.

1924 ಜನವರಿ 2, ಬುಧವಾರ. ಬೆಳಿಗ್ಗೆ 9

ಸಾಹೇಬರಿಂದ ಫಾರಂ ಬಂದಿದೆ. ಊರು, ಹಿಡಿದ ಇಲಿ, ಸಿಕ್ಕ ಚಿಗಟ, ಇಂಡೆಕ್ಸ್. ಈ ಸಂಜೆಯ ಟಪಾಲಿಗೆ ಹೋಗಬೇಕು, ಅಚ್ಚಿಗೆ. ಮುಗಳಿಕಟ್ಟೆಯ ಸಾವುಗಳಿಗೆ ಅದರಲ್ಲಿ ಕಾಲಂ ಇಲ್ಲ. ಅದು ಬೇರೆ ಆಫೀಸಿನ ಕೆಲಸವಂತೆ.

ಲಲಿತೆಯ ಕಾಗದವೂ ಬಂದಿದೆ. ಹೆದರಿದ್ದಾಳೆ. ಬಂದರೆ ಹಿತ್ತಿಲಲ್ಲಿ ನಿಲ್ಲಿಸುವುದಿಲ್ಲ, ನೇರ ಒಳಗೆ ಬನ್ನಿ, ಬಂದರೆ ಸಾಕು ಎಂದು ಬರೆದಿದ್ದಾಳೆ.

ಅಜ್ಜಂಪುರ ತುಂಬಿದೆ. ತರೀಕೆರೆ ತುಂಬಿದೆ. ಕಡೂರು ತುಂಬಿದೆ. ಮುಗಳಿಕಟ್ಟೆಯ ಸಾಲಿಗೆ ಬಂದು ಪೆನ್ನು ಇಟ್ಟೆ. ಅರವತ್ತನಾಲ್ಕು ಎಂದು ಬರೆದರೆ ಸುಳ್ಳು. ಬಾನಿಯಲ್ಲಿ ಎಷ್ಟು ಹೋಯಿತೋ ಯಾರು ಎಣಿಸಿದ್ದಾರೆ. ಗೊತ್ತಿಲ್ಲ ಎಂದು ಬರೆಯಲು ಫಾರಂನಲ್ಲಿ ಜಾಗವಿಲ್ಲ.

ಆಗಲೇ ಹೊರಗೆ ಗಾಡಿ ನಿಂತ ಸದ್ದು. ಹುಚ್ಚಮ್ಮ. ಗಂಡ ನೊಗ ಹಿಡಿದು ನಿಂತಿದ್ದ, ಅವಳೇ ಇಳಿದು ಬಂದಳು. ಬೋನುಗಳನ್ನು ಒಂದೊಂದಾಗಿ ಇಳಿಸಿ ಜಗಲಿಯ ಮೇಲೆ ಸಾಲಾಗಿ ಇಟ್ಟಳು. ಇಪ್ಪತ್ತೂ ಇದ್ದವು. ತಂತಿ ಬೆಳ್ಳಗೆ ಹೊಳೆಯುತ್ತಿತ್ತು.

“ನಮ್ಮತ್ತೆ ಹೇಳೋಗವ್ರೆ, ಅಯ್ನೋರೆ. ಸರ್ಕಾರದ ವಸ್ತು, ನಿಮ್ಮ ಕೈಗೆ ಕೊಡಾದು, ಹಂಗೇ ಕೊಡ್ಬ್ಯಾಡ ಅಂತ. ಎಲ್ಲಾನೂ ತೊಳ್ದಿದ್ದೀನಿ. ಎರಡು ಸರ್ತಿ.”

ಕೂತ್ಕೋ ಎಂದೆ. ಕೂರಲಿಲ್ಲ. ಕಣದಲ್ಲಿ ಕೆಲಸ ಇದೆ ಎಂದಳು. ಗಾಡಿ ಹೋಯಿತು.

ಶೆಡ್ಡೆಲ್ಲಾ ಅಂಟುವಾಳದ ವಾಸನೆ. ಫಾರಂ ಎದುರಿಗಿದೆ. ಕರಿಸಿದ್ದಪ್ಪ ಟಪಾಲು ಚೀಲ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾನೆ.

ಮುಗಳಿಕಟ್ಟೆ — ಇಲಿ ನೂರ ಮೂವತ್ತೆರಡು. ಚಿಗಟ